ನಿಮ್ಮ ಜಾಗದ ಮಳೆ ಲೆಕ್ಕ ಹಾಕಿ ಬೆಳೆ ಆರಿಸುದು ಹೇಗೆ

ಮೊನ್ನೆ ಪೆರ್ಲ ಪೇಟೆಯಲ್ಲಿ ಗುರ್ತದವ್ರೊಬ್ರು ಸಿಕ್ಕಿದ್ರು, ಗಲ್ಫಿಂದ ಕೆಲ್ಸ ಬಿಟ್ಟು ಬಂದವ್ರು, ಎರಡೆಕ್ರೆ ಗುಡ್ಡೆ ಜಾಗ ತೆಗೊಂಡಿದ್ದಾರೆ, ಪೂರಾ ಅಡಿಕೆ ಇಡ್ಬೇಕಂತ ಪ್ಲ್ಯಾನ್. ನೀರು ಹೇಗೆ ಅಂತ ಕೇಳಿದೆ. "ಎಂಥ ಮಾರಾಯ್ರೆ, ನಮ್ಮ ಕಾಸರಗೋಡಲ್ಲಿ ನೀರಿಗೆ ಬರವಾ? ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಹೊಡೀತದೆ" ಅಂದ್ರು. ನಾನೂ ಒಂದು ಕಾಲದಲ್ಲಿ ಇದೇ ಲೆಕ್ಕ ಹಾಕಿ ಗುಡ್ಡೆ ತಲೆಯಲ್ಲಿ 300 ಅಡಿಕೆ ಸಸಿ ಇಟ್ಟವ, ಎರಡನೇ ವರ್ಷ ಎಪ್ರಿಲಲ್ಲಿ ಬಾವಿಯ ತಳ ಕಂಡು, ಟ್ಯಾಂಕರಿಗೆ ದುಡ್ಡು ಸುರಿದು, ಕಡೆಗೆ ಅರ್ಧಕ್ಕರ್ಧ ಸಸಿ ಒಣಗಿಸಿಕೊಂಡವ. ಹಾಗಾಗಿ ಅವ್ರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತೇನೆ, ಹೊಸದಾಗಿ ತೋಟ ಮಾಡುವವ್ರಿಗೆ, ಇದ್ದ ಬೆಳೆ ತೆಗ್ದು ಬೇರೆ ಹಾಕುವವ್ರಿಗೆ ಉಪಯೋಗ ಆದೀತು.

ನಾನು ಮೂಲತಃ ಇಲ್ಲಿಯವನೇ, ಆದ್ರೆ ಬ್ಯಾಂಕಲ್ಲಿ ಕೃಷಿ ಸಾಲದ ಕೆಲ್ಸ ಅಂತ ಊರೂರು ತಿರುಗಿದವ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆ, ಆಂಧ್ರದ ಮಡಕಶಿರ, ತಮಿಳುನಾಡಿನ ಹೊಸೂರು, ಎಲ್ಲ ಗಡಿ ಊರುಗಳೇ, ಮನೆಯೊಳಗೆ ಕನ್ನಡ ಬೋರ್ಡಲ್ಲಿ ಬೇರೆ ಭಾಷೆ. ಸಾಲ ಕೊಡುವ ಮೊದಲು ಹೊಲ ನೋಡ್ಲಿಕ್ಕೆ ಹೋಗ್ಬೇಕಾಗ್ತಿತ್ತು, ಹೋದಲ್ಲೆಲ್ಲ ರೈತ್ರ ಹತ್ರ ಕೇಳಿ ಕೇಳಿ ಕಲ್ತದ್ದು ಇದು.

ಮೊದಲು ಮಿಲಿಮೀಟರನ್ನು ಲೀಟರ್ ಮಾಡಿ

ಪೇಪರಲ್ಲಿ ಇಷ್ಟು ಮಿಲಿಮೀಟರ್ ಮಳೆ ಅಂತ ಬಂದ್ರೆ ಮಂಡೆಗೆ ಏನೂ ಹೋಗುದಿಲ್ಲ. ಒಂದು ಎಕ್ರೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 4,000 ಲೀಟರ್ ನೀರು, ಇದೊಂದು ನೆನಪಿಟ್ಕೊಳ್ಳಿ ಸಾಕು. ಹಾಗೆ ನೋಡಿದ್ರೆ ನಮ್ಮಲ್ಲಿ ಎಕ್ರೆಗೆ ವರ್ಷಕ್ಕೆ 1 ಕೋಟಿ 40 ಲಕ್ಷ ಲೀಟರ್ ಬೀಳ್ತದೆ. ಅಕ್ಕಲಕೋಟೆ ಕಡೆ ವರ್ಷಕ್ಕೆ 600ರ ಆಸುಪಾಸು ಮಿಲಿಮೀಟರ್, ಅಂದ್ರೆ 24 ಲಕ್ಷ ಲೀಟರ್.

ಈಗ ಅಡಿಕೆಗೆ ಎಷ್ಟು ಬೇಕು ನೋಡುವ. 9 ಅಡಿಗೆ ಒಂದು ಅಂತ ಇಟ್ರೆ ಎಕ್ರೆಗೆ ಸುಮಾರು 540 ಮರ, ಡ್ರಿಪ್ಪಲ್ಲಿ ದಿನಕ್ಕೆ ಮರವೊಂದಕ್ಕೆ 16ರಿಂದ 20 ಲೀಟರ್ ಅಂತ ಲೆಕ್ಕ ಹಿಡಿದ್ರೆ ಎಕ್ರೆಗೆ ದಿನಕ್ಕೆ ಹತ್ತತ್ರ 10,000 ಲೀಟರ್. ದಶಂಬರ ನಡುವಿಂದ ಮೇ ನಡುವಿನವರೆಗೆ ಸುಮಾರು 150 ದಿನ ನೀರು ಬಿಡ್ಲಿಕ್ಕುಂಟು ಅಂದ್ರೆ ಒಟ್ಟು 15 ಲಕ್ಷ ಲೀಟರ್. ಬಿದ್ದ ನೀರಿನ ಹತ್ತರಲ್ಲಿ ಒಂದು ಪಾಲು ಅಷ್ಟೇ! ಆ ಒಂದು ಪಾಲು ಎಪ್ರಿಲ್ ತಿಂಗಳಿಗೆ ನಮ್ಮ ಹತ್ರ ಇರುದಿಲ್ಲ, ಅದೇ ಸಮಸ್ಯೆ. ಬಿದ್ದ ನೀರಲ್ಲಿ ನೂರಕ್ಕೆ ಎಂಬತ್ತು ಜೂನಿಂದ ಸಪ್ಟೆಂಬರ್ ಒಳಗೆ ಬಂದು ಮುಗೀತದೆ, ಗುಡ್ಡೆಯಿಂದ ತೋಡಿಗೆ, ತೋಡಿಂದ ಹೊಳೆಗೆ, ಹೊಳೆಯೂ ಉದ್ದ ಇಲ್ಲ, ಸಮುದ್ರ ಇಲ್ಲೇ ಮನೆ ಹಿಂದೆ ಇದ್ದ ಹಾಗೆ. ಸ್ವಂತ ಹೊಳೆ ಹನ್ನೆರಡು ಉಂಟು ಅಂತ ಜಿಲ್ಲೆಗೆ ಹೆಮ್ಮೆ, ಮೇ ತಿಂಗಳಲ್ಲಿ ಅದ್ರಲ್ಲಿ ಎಷ್ಟರಲ್ಲಿ ನೀರು ಹರೀತದೆ ಅಂತ ಸೇತುವೆ ಮೇಲೆ ನಿಂತು ನೋಡಿ ಒಮ್ಮೆ.

ನಿಮ್ಮ ಮಳೆ ನೀವೇ ಅಳೀರಿ

ಜಿಲ್ಲೆಯ ಸರಾಸರಿ ಹಿಡ್ಕೊಂಡು ತೋಟ ಮಾಡ್ಲಿಕ್ಕಾಗುದಿಲ್ಲ. ಕುಂಬಳೆಯಲ್ಲಿ ಬಂದ ಮಳೆ ಪೆರ್ಲದಲ್ಲಿ ಬರ್ಲಿಕ್ಕಿಲ್ಲ. ಮಳೆ ಮಾಪಕ ಅಂತ ರೇಟ್ ಕೊಟ್ಟು ತರ್ಬೇಕಂತ ಇಲ್ಲ, ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬ ಯಾವ್ದಾದ್ರೂ ಸಾಕು, ಬಾಲ್ದಿ ಆಗುದಿಲ್ಲ ಅದು ಕೆಳಗೆ ಸಪೂರ ಇರ್ತದೆ. ಮರ, ಮಾಡು ಯಾವ್ದೂ ಅಡ್ಡ ಬಾರದ ಕಡೆ ಅಂಗಳದಲ್ಲಿ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ನೋಡಿ. ಹವಾಮಾನ ಇಲಾಖೆಯವ್ರೂ ಅಳಿಯುದು ಬೆಳಿಗ್ಗೆ ಎಂಟೂವರೆಗೇ, ಹಾಗಾಗಿ ಪೇಪರಿನ ಲೆಕ್ಕದ ಜೊತೆ ಹೋಲಿಸ್ಲಿಕ್ಕೂ ಸುಲಭ. ಎರಡೂವರೆ ಮಿಲಿಮೀಟರಿಗಿಂತ ಕಮ್ಮಿ ಬಂದ ದಿನವನ್ನು ಅವ್ರು ಮಳೆ ದಿನ ಅಂತ ಲೆಕ್ಕಕ್ಕೇ ತೆಗೊಳ್ಳುದಿಲ್ಲ, ನೀವೂ ಹಾಗೇ ಮಾಡಿ, ಎಲೆ ಒದ್ದೆ ಆಗಿ ಒಣಗುವ ಮಳೆಯಿಂದ ಬೇರಿಗೆ ಎಂಥದ್ದೂ ಸಿಕ್ಕುದಿಲ್ಲ.

ಬರ್ದಿಡುದು ತಿಂಗಳ ಲೆಕ್ಕದಲ್ಲಿ ಬೇಡ. ತಿಂಗಳಲ್ಲಿ 300 ಮಿಲಿಮೀಟರ್ ಅಂತ ಬರ್ದ್ರೆ ಅದು ದಿನಾ ಹತ್ತತ್ತು ಬಂದದ್ದಾ, ಎರಡು ರಾತ್ರಿಯಲ್ಲಿ ಸುರಿದು ಉಳಿದ ದಿನ ಬಿಸಿಲು ಕಾದದ್ದಾ ಗೊತ್ತಾಗುದಿಲ್ಲ. ವಾರದ ಲೆಕ್ಕ ಒಳ್ಳೇದು, ಇಲ್ಲದಿದ್ರೆ ನಮ್ಮ ಹಳೇ ಮಳೆ ನಕ್ಷತ್ರದ ಲೆಕ್ಕ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ, ಜೂನ್ 8ರ ಹೊತ್ತಿಗೆ ಮೃಗಶಿರ, 22ರ ಹೊತ್ತಿಗೆ ಆರಿದ್ರಾ, ಹೀಗೆ ಹೋಗಿ ಅಕ್ಟೋಬರ್ ಕೊನೆಗೆ ಸ್ವಾತಿ. "ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ" ಅಂತ ಗಾದೆ ಹೇಳಿದವ್ರು ಜ್ಯೋತಿಷ್ಯ ಹೇಳಿದ್ದಲ್ಲ, ಎಪ್ರಿಲ್ ಕೊನೆ ಮೇ ಮೊದಲಿಗೆ ಒಂದು ಒಳ್ಳೆ ಮಳೆ ಬಂದ್ರೆ ಉಳುಮೆಗೆ ಹದ ಸಿಕ್ತದೆ ಅಂತ ನೋಡಿ ಹೇಳಿದ್ದು. ಗಾದೆಯನ್ನು ಕಣ್ಮುಚ್ಚಿ ನಂಬ್ಬೇಕಂತ ಇಲ್ಲ, ಆದ್ರೆ ವರ್ಷವನ್ನು 14 ದಿನದ ತುಂಡು ಮಾಡಿ ನೋಡುವ ಕ್ರಮ ಉಂಟಲ್ಲ, ಅದು ಮಾತ್ರ ಬ್ಯಾಂಕಿನ ಯಾವ ಫಾರ್ಮಿಗಿಂತಲೂ ಒಳ್ಳೇದು.

ಮಳೆಯ ಜೊತೆಗೆ ಇನ್ನೊಂದು ಬರೀಬೇಕು, ಇದು ನನಗೆ ನಮ್ಮ ದೊಡ್ಡಪ್ಪನಿಂದ ಸಿಕ್ಕಿದ್ದು. ಅವ್ರು ತೀರಿಕೊಂಡ ಮೇಲೆ ಅಟ್ಟದಲ್ಲಿ ಹಳೆ ಪಂಚಾಂಗದ ಕಟ್ಟು ಸಿಕ್ಕಿತು, ಅಂಚಲ್ಲಿ ಪೆನ್ಸಿಲಲ್ಲಿ ಸಣ್ಣ ಸಣ್ಣ ಅಕ್ಷರ. "ತೋಡು ನಿಂತಿತು", "ಸುರಂಗದ ನೀರು ಕೈಬೆರಳಿನಷ್ಟು", "ಬಾವಿ ಆರು ಮೆಟ್ಲು". ಪ್ರತೀ ವರ್ಷ. ಮಳೆ ಎಷ್ಟು ಬಂತು ಅಂತ ಒಂದು ಕಡೆಯೂ ಬರೀಲಿಲ್ಲ, ನೀರು ಯಾವತ್ತಿನವರೆಗೆ ಉಳೀತು ಅಂತ ಮಾತ್ರ ಬರ್ದಿದ್ದಾರೆ. ನಾನು ಗುಡ್ಡೆ ತಲೆಯಲ್ಲಿ ಸಸಿ ಇಡುವ ಮೊದಲು ಆ ಕಟ್ಟು ಬಿಚ್ಚಿ ನೋಡಿದ್ರೆ 300 ಗುಂಡಿಯ ಕೂಲಿ ಉಳೀತಿತ್ತು. ನೀವು ಮೊಬೈಲಲ್ಲೇ ಬರೀರಿ ಅಡ್ಡಿಲ್ಲ: ತೋಡಲ್ಲಿ ಹರಿವು ನಿಂತ ದಿನ, ಬಾವಿಯಲ್ಲಿ ಎಷ್ಟು ರಿಂಗ್ ಕಾಣ್ತದೆ, ಪಂಪ್ ಎಷ್ಟು ನಿಮಿಷಕ್ಕೆ ಗಾಳಿ ಎಳೀತದೆ. ಎರಡು ಬೇಸಿಗೆ ಬರ್ದ್ರೆ ನಿಮ್ಮ ಜಾಗಕ್ಕೆ ಎಷ್ಟು ಮರ ಸಾಕುವ ತಾಕತ್ತುಂಟು ಅಂತ ಗೊತ್ತಾಗ್ತದೆ.

ಮಣ್ಣು ಎಷ್ಟು ದಿನ ನೀರು ಹಿಡ್ಕೊಳ್ತದೆ

ಅಕ್ಕಲಕೋಟೆಗೆ ಹೋದ ಹೊಸತರಲ್ಲಿ ನನಗೆ ಬಿಟ್ಟ ಬಾಯಿ ಮುಚ್ಚಲಿಲ್ಲ. ಜುಲೈ ತಿಂಗಳು, ನಮ್ಮಲ್ಲಾದ್ರೆ ಆಟಿ ಮಳೆಗೆ ಹೊರಗೆ ಕಾಲಿಡ್ಲಿಕ್ಕಾಗುದಿಲ್ಲ, ಅಲ್ಲಿ ಎಕ್ರೆಗಟ್ಲೆ ಕಪ್ಪು ಹೊಲ ಸುಮ್ಮನೆ ಖಾಲಿ ಬಿದ್ದಿದೆ. ಮಳೆಗಾಲದಲ್ಲಿ ಹೊಲ ಖಾಲಿ ಬಿಡುವ ಉದಾಸೀನದ ಜನ ಇವ್ರಿಗೆ ಸಾಲ ಹೇಗೆ ಕೊಡುದು ಅಂತ ನಾನು ಮನಸ್ಸಲ್ಲೇ ಅಂದುಕೊಂಡೆ. ಒಬ್ರು ಹಿರಿಯರು ಹೊಲದ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕ್ತಾ ಹೇಳಿದ್ರು, "ಸಾಹೇಬ್ರ, ನಿಮ್ಮ ಕಡಿ ಮಳಿ ನೋಡಿ ಬಿತ್ತತೀರಿ, ನಮ್ಮಲ್ಲಿ ಹಾಂಗಲ್ರಿ, ನಾವು ಹಸಿ ನೋಡಿ ಬಿತ್ತವ್ರು." ಹಸಿ ಅಂದ್ರೆ ಮಣ್ಣಿನೊಳಗಿನ ತೇವ. ಸಪ್ಟೆಂಬರ್ ಮಳೆ ಮುಗೀಲಿ ಬರ್ರಿ ತೋರಿಸ್ತೀನಿ ಅಂದ್ರು.

ಸಪ್ಟೆಂಬರಲ್ಲಿ ಹೋದೆ, ಅಲ್ಲಿ ಅದೇ ತಿಂಗಳಲ್ಲಿ ಜಾಸ್ತಿ ಮಳೆ, ಜುಲೈ ಆಗಸ್ಟಲ್ಲಿ ನಡುವೆ ಕೈಕೊಡ್ತದೆ. ಅವ್ರು ಒಂದು ಕಬ್ಬಿಣದ ಹಾರೆ ತಂದು ಹೊಲದಲ್ಲಿ ಊರಿ ಎರಡು ಕೈಯಲ್ಲಿ ಒತ್ತಿದ್ರು, ಬೆಣ್ಣೆಗೆ ಚೂರಿ ಹಾಕಿದ ಹಾಗೆ ಸೊಂಟದವರೆಗೆ ಇಳೀತು. "ಇಷ್ಟು ಹಸಿ ಐತಿ ಅಂದ್ರ ಜ್ವಾಳ ಬರ್ತೈತ್ರಿ, ಇನ್ನ ಮಳಿ ಬರಲಿಲ್ಲಂದ್ರೂ ಬರ್ತೈತಿ." ಬದುವಿನಾಚೆ ಅವರದ್ದೇ ಇನ್ನೊಂದು ತುಂಡು ಹೊಲ, ಅಲ್ಲಿ ಹಾರೆ ಮೊಣಕಾಲಿಗೂ ಬರ್ಲಿಲ್ಲ, ಟಣ್ ಅಂತ ಕಲ್ಲಿಗೆ ಹೊಡೀತು. ಆ ಹೊಲದಲ್ಲಿ ಅವ್ರು ಮುಂಗಾರಿಗೇ ಸಜ್ಜೆ ತೊಗರಿ ಹಾಕಿ ಆಗಿತ್ತು, ಜೋಳದ ಸುದ್ದಿಗೆ ಹೋಗಿರ್ಲಿಲ್ಲ. ಮಳೆ ಒಂದೇ, ಹೊಲಗಳ ನಡುವೆ ಒಂದು ಬದು, ಬೆಳೆ ಮಾತ್ರ ಬೇರೆ.

ಕಾರಣ ಹೀಗೆ. ಆಳದ ಕಪ್ಪು ಎರೆ ಮಣ್ಣು ಒಂದು ಮೀಟರ್ ಆಳಕ್ಕೆ ಬೆಳೆಗೆ ಸಿಗುವ ನೀರು 150ರಿಂದ 200 ಮಿಲಿಮೀಟರಿನಷ್ಟು ಹಿಡ್ಕೊಳ್ತದೆ. ಅದು ನಮ್ಮ ಬಾವಿ ಇದ್ದ ಹಾಗೆ, ಕಾಣುದಿಲ್ಲ ಅಷ್ಟೇ. ಸಪ್ಟೆಂಬರ್ ನಡುವಿಂದ ಅಕ್ಟೋಬರ್ ನಡುವೆ ಕೂರಿಗೆಯಲ್ಲಿ ಬಿತ್ತಿದ ಹಿಂಗಾರಿ ಜೋಳ ಆ ನೀರನ್ನೇ ಕುಡ್ಕೊಂಡು ಫೆಬ್ರವರಿವರೆಗೆ ಬದುಕ್ತದೆ. ಮಾಲದಂಡಿ ಜೋಳ ಅಂತ ಹೆಸ್ರು ಕೇಳಿರಬಹುದು, ಅದನ್ನು ಆರಿಸಿ ತೆಗ್ದದ್ದೇ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ, ಇವತ್ತಿಗೂ ಆ ಕಡೆ ರೊಟ್ಟಿಗೆ ಅದೇ ಬೇಕು. ಮಣ್ಣು ಒಣಗ್ತಾ ಬಂದ ಹಾಗೆ ಬಿರುಕು ಬಿಡ್ತದೆ, ಬಿರುಕಲ್ಲಿ ತೇವ ಹೋಗ್ತದೆ, ಅದಕ್ಕೆ ಎರಡು ಮೂರು ಸಲ ಎಡೆ ಹೊಡೆದು ಬಿರುಕು ಮುಚ್ತಾರೆ. ಕಳೆ ತೆಗೀಲಿಕ್ಕೆ ಅಂತ ನಾನು ತಿಳ್ಕೊಂಡಿದ್ದೆ, ಅವ್ರಿಗೆ ಅದು ನೀರು ಬಿಟ್ಟ ಹಾಗೆಯೇ.

ನಮ್ಮ ಮುರಕಲ್ಲು (ಲ್ಯಾಟರೈಟ್) ಮಣ್ಣು ಇದಕ್ಕೆ ಪೂರ್ತಿ ಉಲ್ಟಾ. ಎಷ್ಟು ಸುರಿದ್ರೂ ಕುಡೀತದೆ, ಕುಡಿದದ್ದನ್ನು ಕೆಳಗೆ ಬಿಟ್ಬಿಡ್ತದೆ. ಒಳಗೆ ಹೋದ ನೀರು ಕಲ್ಲಿನ ಸಂದಿಯಲ್ಲಿ ಅಡ್ಡಕ್ಕೆ ಹರಿದು ಎಲ್ಲೋ ಒರತೆಯಾಗಿ ಬರ್ತದೆ, ಹಿರಿಯರು ಗುಡ್ಡೆಗೆ ಅಡ್ಡ ಸುರಂಗ ಕೊರೆದದ್ದು ಅದನ್ನು ಹಿಡೀಲಿಕ್ಕೆ. ಬಾಯಾರು, ಪಡ್ರೆ ಕಡೆ ಹೋದ್ರೆ ಒಬ್ಬ ಮನುಷ್ಯ ನಿಂತು ಹೋಗುವಷ್ಟು ಮಾತ್ರ ಅಗಲದ ಸುರಂಗ ಈಗ್ಲೂ ನೋಡ್ಬಹುದು.

ನಿಮ್ಮ ಮಣ್ಣು ಯಾವ ಜಾತಿ ಅಂತ ನೋಡ್ಲಿಕ್ಕೆ ಲ್ಯಾಬ್ ಬೇಡ. ತಳ ಕೊಯ್ದ ಹಳೆ ಪೈಂಟ್ ಡಬ್ಬ ಒಂದನ್ನು ಎರಡಿಂಚು ಮಣ್ಣಿಗೆ ಒತ್ತಿ, ನೀರು ತುಂಬಿಸಿ. ಮೊದಲ ಸಲದ್ದು ಲೆಕ್ಕಕ್ಕಿಲ್ಲ, ಒಣ ಮಣ್ಣು ಅದನ್ನು ಎಳ್ಕೊಳ್ತದೆ. ಎರಡನೇ ಸಲ ತುಂಬಿಸಿದ್ದು ಎಷ್ಟು ಹೊತ್ತಿಗೆ ಇಳೀತು ನೋಡಿ. ಚಾ ಕುಡಿದು ಬರುವಷ್ಟರಲ್ಲಿ ಖಾಲಿ ಆದ್ರೆ ಅದು ನೀರು ನಿಲ್ಲಿಸುವ ಮಣ್ಣಲ್ಲ, ಮಧ್ಯಾಹ್ನ ಊಟಕ್ಕೂ ಇದ್ರೆ ಅಲ್ಲಿ ಮಳೆಗಾಲದಲ್ಲಿ ಬೇರು ಕೊಳೆಯುವ ಬೆಳೆ ಹಾಕ್ಬೇಡಿ. ಆಮೇಲೆ ದೊಡ್ಡ ಮಳೆ ಬಂದು ನಾಲ್ಕೈದು ದಿನ ಬಿಟ್ಟು ಎರಡಡಿ ಗುಂಡಿ ತೆಗ್ದು ಕೆಳಗಿನ ಮಣ್ಣು ಮುಷ್ಟಿಯಲ್ಲಿ ಹಿಡೀರಿ. ಉಂಡೆ ನಿಂತ್ರೆ ತೇವ ಉಂಟು, ಪುಡಿ ಆದ್ರೆ ಇಲ್ಲ. ಹತ್ತು ದಿನ ಬಿಟ್ಟು ಪುನಃ, ಇಪ್ಪತ್ತು ದಿನ ಬಿಟ್ಟು ಪುನಃ ನೋಡಿ. ಎಷ್ಟನೇ ದಿನಕ್ಕೆ ಉಂಡೆ ಪುಡಿ ಆಗ್ತದೋ, ಮಳೆ ನಿಂತ್ರೆ ನಿಮ್ಮ ಬೆಳೆಗೆ ಇರುವ ವಾಯಿದೆ ಅಷ್ಟು.

ನಮ್ಮ ಗದ್ದೆಗಳಲ್ಲೇ ಪಾಠ ಉಂಟು

ಇದನ್ನೆಲ್ಲ ಕಲೀಲಿಕ್ಕೆ ನಾನು ಅಕ್ಕಲಕೋಟೆವರೆಗೆ ಹೋಗ್ಬೇಕಂತ ಇರ್ಲಿಲ್ಲ, ಬೈಲು, ಮಜಲು, ಬೆಟ್ಟು ಅಂತ ಗದ್ದೆಗೆ ಹೆಸ್ರಿಟ್ಟ ನಮ್ಮ ಅಜ್ಜಂದಿರು ಅದನ್ನೇ ಹೇಳಿದ್ದು. ಕೆಳಗೆ ತೋಡಿನ ಹತ್ರ ಬೈಲು, ಅಲ್ಲಿ ಭತ್ತದ ಏಣೆಲು (ಮಳೆಗಾಲದ್ದು), ಸುಗ್ಗಿ (ಚಳಿಗಾಲದ್ದು), ಕೊಳಕೆ (ಬೇಸಿಗೆದು) ಮೂರೂ ಬೆಳೆ. ಸ್ವಲ್ಪ ಮೇಲೆ ಮಜಲು, ಏಣೆಲು ಮತ್ತೆ ಸುಗ್ಗಿ. ಮೇಲಿನ ಬೆಟ್ಟು ಗದ್ದೆಗೆ ಏಣೆಲು ಒಂದೇ, ಮಳೆ ಹೋದ ವಾರದಲ್ಲೇ ಒಣಗಿ ನಿಲ್ತದೆ. ಮೂರಕ್ಕೂ ಬೀಳುವ ಮಳೆಯಲ್ಲಿ ಒಂದು ಹನಿ ವ್ಯತ್ಯಾಸ ಇಲ್ಲ. ನೀರು ಎಷ್ಟು ತಿಂಗಳು ನಿಲ್ತದೆ ಅನ್ನುದರ ಮೇಲೆ ಹೆಸ್ರು, ಹೆಸ್ರಿನ ಮೇಲೆ ಬೆಳೆ, ಬೆಳೆ ಮೇಲೆ ಗೇಣಿ.

ಈಗ ಬೈಲು ಬೆಟ್ಟು ಎಲ್ಲ ಅಡಿಕೆ ತೋಟ ಆಗಿದೆ, ಹೆಸ್ರು ಮಕ್ಕಳಿಗೆ ಗೊತ್ತಿಲ್ಲ. ಆದ್ರೆ ಜಾಗ ತೆಗೊಳ್ಳುವಾಗ ನೆರೆಕರೆಯ ಹಿರಿಯರ ಹತ್ರ ಇದು ಮೊದಲು ಎಂಥ ಗದ್ದೆ ಅಂತ ಒಂದು ಮಾತು ಕೇಳಿ. ಬೆಟ್ಟು ಅಂತ ಹೇಳಿದ್ರೆ ಬ್ರೋಕರ್ ಏನೇ ಹೇಳ್ಲಿ, ನೀರಿನ ಏರ್ಪಾಡು ಬೇರೆ ಮಾಡ್ಬೇಕು. ಬೈಲು ಅಂದ್ರೆ ನೀರಿಗೆ ತೊಂದ್ರೆ ಇಲ್ಲ, ಆದ್ರೆ ಬಸಿಗಾಲುವೆ ಆಳ ತೆಗೀದೆ ಅಡಿಕೆ ಸಸಿ ಇಟ್ರೆ ಜುಲೈಯಲ್ಲಿ ಬೇರು ಉಸಿರಾಡ್ಲಿಕ್ಕಾಗದೆ ಹಳದಿ ಆಗ್ತದೆ. ಪೆರ್ಲದ ಆ ಗಲ್ಫಿನವ್ರ ಜಾಗ ಬೆಟ್ಟುವಿಗಿಂತಲೂ ಮೇಲಿಂದು, ಅಲ್ಲಿ ಪಾರೆ, ಅಂದ್ರೆ ಮಣ್ಣಿಲ್ಲದ ಬರೀ ಕಲ್ಲು, ಕಾಣ್ತದೆ.

ಬೆಳೆಯ ನಾಜೂಕು ದಿನ ಯಾವ್ದು ಅಂತ ನೋಡಿ

ಎಲ್ಲ ಬೆಳೆಗೂ ಒಂದೆರಡು ವಾರ ಉಂಟು, ಆಗ ಮಳೆ ಬರ್ಬೇಕು ಇಲ್ಲವೇ ಬರ್ಲೇ ಬಾರ್ದು. ಉಳಿದ ದಿನದಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ನಡೀತದೆ.

ಒಳ್ಳೆಮೆಣಸು ತೆಗೊಳ್ಳಿ. ಬಳ್ಳಿ ಬೇಸಿಗೆಯಲ್ಲಿ ಸ್ವಲ್ಪ ಬಾಡಿ, ಮೇ ಜೂನಲ್ಲಿ ಇಪ್ಪತ್ತು ದಿನದೊಳಗೆ 70 ಮಿಲಿಮೀಟರಿನಷ್ಟು ಮಳೆ ಸಿಕ್ಕಿದ್ರೆ ಚಿಗುರಿ ಕರೆ (ಹೂವಿನ ತೆನೆ) ಬಿಡ್ತದೆ. ಕರೆ ಬಿಟ್ಟ ಮೇಲೆ ಕಾಳು ಕಟ್ಟುವವರೆಗೆ ಮಳೆ ಬಿಡ್ಬಾರ್ದು, ನಡುವೆ ಸ್ವಲ್ಪ ದಿನ ಬಿಸಿಲು ಕಾದ್ರೂ ಕರೆ ಉದುರ್ತದೆ. ನೀವು ಮೇ ತಿಂಗಳ ವಾರದ ಲೆಕ್ಕ ಬರ್ದಿಟ್ರೆ ಈ ಸಲ ಮೆಣಸು ಹೇಗೆ ಅಂತ ಜೂನಲ್ಲೇ ಅಂದಾಜು ಸಿಕ್ತದೆ, ಚಳಿಗಾಲದಲ್ಲಿ ಕೊಯ್ಯುವಾಗ ಆಶ್ಚರ್ಯ ಪಡ್ಬೇಕಂತ ಇಲ್ಲ.

ಗೇರು ಇದಕ್ಕೆ ವಿರುದ್ಧ. ಅದು ಪಾರೆ ಗುಡ್ಡೆಯಲ್ಲೂ ಬರ್ತದೆ, ಬೇಸಿಗೆ ನೀರೇ ಬೇಡ ಹೇಳ್ತದೆ, ಆದ್ರೆ ನವಂಬರಿಂದ ಫೆಬ್ರವರಿ ಒಳಗೆ ಹೂ ಬಿಟ್ಟಾಗ ಮೋಡ ಕಟ್ಟಿ ಹನಿ ಮಳೆ ಬಂದ್ರೆ ಹೂವೆಲ್ಲ ಕರಟಿ ಹೋಗ್ತದೆ, ಟೀ ಸೊಳ್ಳೆಯ ಕಾಟವೂ ಆಗ್ಲೇ. ನಿಮ್ಮ ಪುಸ್ತಕದಲ್ಲಿ ದಶಂಬರ ಜನವರಿ ಖಾಲಿ ಇದ್ರೆ ಗೇರಿಗೆ ಯೋಗ್ಯ ಜಾಗ. ತೆಂಗು ಮರ ಮಾತ್ರ ಸಿಟ್ಟು ಇಟ್ಕೊಳ್ಳುವ ಜಾತಿ, ಈ ಬೇಸಿಗೆ ನೀರು ಕೊಡದಿದ್ರೆ ಈಗ ಏನೂ ತೋರಿಸುದಿಲ್ಲ, ಹೂ ಬಿಟ್ಟು ಕಾಯಿ ಬಲೀಲಿಕ್ಕೆ ಒಂದು ವರ್ಷ ಬೇಕಲ್ಲ, ಮುಂದಿನ ವರ್ಷ ಕೊಯ್ಯುವಾಗ ಲೆಕ್ಕ ತೀರಿಸ್ತದೆ.

ಮಡಕಶಿರದ ಕಡೆ ಕೆಂಪು ಮಣ್ಣು, ಆಳ ಇಲ್ಲ, ವರ್ಷಕ್ಕೆ ಐನೂರು ಐನೂರೈವತ್ತು ಮಿಲಿಮೀಟರ್ ಮಳೆ, ಅದೂ ಬಂದಾಗ ಬಂತು. ಅಲ್ಲಿ ಕಡ್ಲೆಕಾಯಿ ಯಾಕೆ ಹಾಕ್ತಾರೆ ಅಂದ್ರೆ ಬಿತ್ತಿ ಮೊದಲ ಮೂರು ವಾರ ಮಳೆ ಕೈಕೊಟ್ರೂ ಅದು ಹಲ್ಲು ಕಚ್ಚಿ ತಡ್ಕೊಳ್ತದೆ. ಆದ್ರೆ ಹೂವಿಂದ ಊಡು (ತುದಿಯಲ್ಲಿ ಕಾಯಿ ಕಟ್ಟುವ ಎಳೆ) ಇಳಿದು ಮಣ್ಣಿಗೆ ಹೊಕ್ಕುವ ಸಮಯ ಉಂಟಲ್ಲ, ಬಿತ್ತಿ ಒಂದು ತಿಂಗಳಿಂದ ಎರಡು ತಿಂಗಳ ಒಳಗೆ, ಆಗ ಮೇಲ್ಮಣ್ಣು ಮೆತ್ತಗೆ ಇರ್ಲೇಬೇಕು. ಗಟ್ಟಿ ಆದ್ರೆ ಊಡು ಒಳಗೆ ಹೋಗುದೇ ಇಲ್ಲ, ಗಿಡ ಹಸುರು ಕಾಣ್ತದೆ, ಕಿತ್ತು ನೋಡಿದ್ರೆ ಕಾಯಿ ಇಲ್ಲ. ಅಲ್ಲಿಯ ಒಬ್ರು ಗಿಡ ಕಿತ್ತು ನನ್ನ ಮುಂದೆ ಹಿಡ್ದು "ನೋಡಿ ಸಾರ್, ಸೊಪ್ಪಿಗೆ ಸಾಲ ಕೊಟ್ಟಂಗಾಯ್ತು ನೀವು" ಅಂದದ್ದು ಇನ್ನೂ ಕಿವಿಯಲ್ಲುಂಟು.

ಹೊಸೂರು, ಡೆಂಕಣಿಕೋಟೆ ಕಡೆ ಎರಡೂ ಮಳೆ ಸಿಕ್ತದೆ, ಮುಂಗಾರು ಸ್ವಲ್ಪ, ಸಪ್ಟೆಂಬರ್ ಅಕ್ಟೋಬರಲ್ಲಿ ಜೋರು. ಅಲ್ಲಿ ರಾಗಿ. ರಾಗಿ ನಡುವೆ ಅವರೆ, ಜೋಳ, ಹುಚ್ಚೆಳ್ಳು, ಸಾಸಿವೆ ಅಂತ ಅಕ್ಕಡಿ ಸಾಲು ಹಾಕ್ತಾರೆ. ಮುಂಗಾರು ಕೈಕೊಟ್ರೆ ಅವರೆ ಬಂತು, ಹಿಂಗಾರು ಬೇಗ ನಿಂತ್ರೆ ರಾಗಿ ಬಂತು, ಒಂದಲ್ಲ ಒಂದು ಮನೆಗೆ ಬಂದೇ ಬರ್ತದೆ. ಬೆಳೆ ವಿಮೆಯ ಫಾರ್ಮ್ ತುಂಬಿಸ್ಲಿಕ್ಕೆ ಕೂತಾಗೆಲ್ಲ ನನಗೆ ಈ ಸಾಲುಗಳೇ ನೆನಪಾಗ್ತಿದ್ದದ್ದು. ಈಗ ಬೋರ್‌ವೆಲ್, ಪಾಲಿಹೌಸ್ ಗುಲಾಬಿ ಎಲ್ಲ ಬಂದು ಹೊಸೂರಿನ ಕಥೆಯೇ ಬೇರೆ ಆಗಿದೆ, ಅದು ಇಲ್ಲಿ ಬೇಡ.

ಇದನ್ನೆಲ್ಲ ನೋಡಿ ಬಂದವ ನಾನೇ ಊರಿಗೆ ಬಂದ ಮೊದಲ ವರ್ಷ ಅಕ್ಕಲಕೋಟೆಯಿಂದ ತಂದ ತೊಗರಿ ಬೀಜ ಮನೆ ಹಿತ್ಲಲ್ಲಿ ಮೃಗಶಿರ ಮಳೆಗೆ ಹಾಕಿದೆ. ಎಂಟು ದಿನಕ್ಕೆ ಚಂದ ಮೊಳಕೆ ಬಂತು, ಆಟಿ ಮುಗಿಯುವಾಗ ಒಂದು ಗಿಡ ಉಳೀಲಿಲ್ಲ, ಬುಡವೆಲ್ಲ ಕಪ್ಪಾಗಿ ಜೊಳ್ಳು ಜೊಳ್ಳು. ಮನೆಯವ್ಳು ಈಗ್ಲೂ ಸಾಂಬಾರಿಗೆ ಬೇಳೆ ಹಾಕುವಾಗ "ಇದು ಅಂಗಡಿದು, ನಮ್ಮ ತೋಟದ್ದಲ್ಲ" ಅಂತ ನೆನಪು ಮಾಡ್ತಾಳೆ.

ಅಡಿಕೆಗೆ ಮಳೆ ಜಾಸ್ತಿ ಆದ್ರೂ ಮಂಡೆಬಿಸಿ

ಬೇಸಿಗೆ ನೀರು ಒಂದು ಕಡೆ, ಮಳೆಗಾಲದ ಕೊಳೆರೋಗ ಇನ್ನೊಂದು ಕಡೆ. ಬಿಡದೆ ಜಡಿಮಳೆ, ನಡುನಡುವೆ ಸ್ವಲ್ಪ ಬಿಸಿಲು, ತಂಪು ಗಾಳಿ, ಇಷ್ಟಿದ್ರೆ ಎಳೆಕಾಯಿ ಮೇಲೆ ನೀರು ಕುಡಿದ ಹಾಗೆ ಕಡು ಹಸುರು ಕಲೆ ಆಗಿ ಉದುರ್ಲಿಕ್ಕೆ ಶುರು. ನಿಮ್ಮ ಡಬ್ಬದ ಲೆಕ್ಕ ಇಲ್ಲಿ ನೇರ ಕೆಲ್ಸಕ್ಕೆ ಬರ್ತದೆ. ಬೋರ್ಡೋ ಮದ್ದು ಮೊದಲ ಸಲ ಮಳೆ ಹಿಡಿಯುವ ಮೊದಲು, ಎರಡನೇದು 40-45 ದಿನಕ್ಕೆ, ಮಳೆ ಎಳೆದ್ರೆ ಮೂರನೇದು. ಎರಡನೇ ಮದ್ದಿನ ದಿನ ಬಂತು, ಹೊರಗೆ ಮಳೆ ಬಿಡುದಿಲ್ಲ, ಮರ ಹತ್ತುವವ್ರು ಸಿಗುದಿಲ್ಲ, ಆ ವಾರ ತೋಟದವ್ರ ಹತ್ರ ಮಾತಾಡ್ಲಿಕ್ಕೇ ಹೋಗ್ಬಾರ್ದು.

ಮದ್ದು ಮಾಡುದು ಹಳೇ ಕ್ರಮವೇ: 1 ಕಿಲೋ ಮೈಲುತುತ್ತು 50 ಲೀಟರ್ ನೀರಲ್ಲಿ, 1 ಕಿಲೋ ಒಳ್ಳೆ ಸುಟ್ಟ ಸುಣ್ಣ ಬೇರೆ 50 ಲೀಟರಲ್ಲಿ ಕರಗಿಸಿ ಸೋಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕೋಲಲ್ಲಿ ತಿರುಗಿಸ್ತಾ ಇರ್ಬೇಕು. ಪ್ಲಾಸ್ಟಿಕ್ ಡ್ರಮ್ಮೇ ಆಗ್ಬೇಕು, ಕಬ್ಬಿಣದ ಪಾತ್ರೆ ಮುಟ್ಟಿಸ್ಬೇಡಿ. ಆದ ಮೇಲೆ ಹೊಳೆಯುವ ಚೂರಿ ಒಂದನ್ನು ಒಂದು ನಿಮಿಷ ಅದ್ದಿ ತೆಗೀರಿ, ಅಲಗಿಗೆ ತಾಮ್ರದ ಕೆಂಪು ಹಿಡಿದ್ರೆ ಸುಣ್ಣ ಸಾಲ್ಲಿಲ್ಲ, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಅದೇ ದಿನ ಮುಗಿಸ್ಬೇಕು, ನಾಳೆಗೆ ಇಟ್ರೆ ಗುಣ ಇಲ್ಲ.

ಹಿಂದೆ ಇದೆಲ್ಲದಕ್ಕೂ ಪತ್ತನಾಜೆ, ಅಂದ್ರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ, ಒಂದು ಗಡು ಇತ್ತು. ಭೂತದ ಗೆಜ್ಜೆ ಬಿಚ್ಚಿ, ಯಕ್ಷಗಾನ ಮೇಳ ಮನೆಗೆ ಬಂದ ಮೇಲೆ ಮದ್ದಿನ ಡ್ರಮ್ ತೊಳೆಯುದು, ಮಳೆ ಜೂನ್ ಮೊದಲ ವಾರ ಬಂದೀತು ಅಂತ ಧೈರ್ಯ. 2025ರಲ್ಲಿ ಆ ಪತ್ತನಾಜೆ ಹೊತ್ತಿಗೇ, ಮೇ 24ಕ್ಕೆ, ಕೇರಳಕ್ಕೆ ಮುಂಗಾರು ಬಂತು ಅಂತ ಹವಾಮಾನ ಇಲಾಖೆ ಹೇಳ್ತು, ಡ್ರಮ್ ಅಟ್ಟದಲ್ಲೇ ಇದ್ದವ್ರು ಎಷ್ಟೋ ಜನ. ಅದಕ್ಕೆ ಎರಡು ವರ್ಷ ಮೊದಲು, 2023ರಲ್ಲಿ, ಮುಂಗಾರು ಕಾಲಿಟ್ಟದ್ದೇ ಜೂನ್ 8ಕ್ಕೆ, ಆಗಸ್ಟಲ್ಲಿ ಮಳೆಯೇ ಇಲ್ಲ, ದೇಶದಲ್ಲಿ 1901ರಿಂದ ಲೆಕ್ಕ ಇಟ್ಟದ್ರಲ್ಲೇ ಅಷ್ಟು ಒಣ ಆಗಸ್ಟ್ ಬಂದಿರ್ಲಿಲ್ಲ. ಮಳೆಗಾಲದ ನಡುವೆ ಪಂಪ್ ಸ್ಟಾರ್ಟ್ ಮಾಡಿದ್ದು ನನಗೆ ಅದೇ ಮೊದಲು. ಹಾಗಾಗಿ ಈಗ ನಾನು ಮೊದಲ ಮದ್ದನ್ನು ಕ್ಯಾಲೆಂಡರ್ ನೋಡಿ ಬಿಡುದಿಲ್ಲ, ಮೇ ಹತ್ತರ ನಂತ್ರ ಡಬ್ಬದಲ್ಲಿ ಎರಡು ಒಳ್ಳೆ ಮಳೆ ಕಂಡ ತಕ್ಷಣ ಮರ ಹತ್ತುವವ್ರಿಗೆ ಫೋನ್.

ಹಾಗಾದ್ರೆ ಗುಡ್ಡೆ ಜಾಗಕ್ಕೆ ಎಂಥ ಮಾಡುದು

ಬೇಸಿಗೆಯ ನೀರು ಎಷ್ಟು ಸಿಕ್ತದೆ ಅಂತ ಮೊದಲು ನೋಡಿ, ಅದನ್ನು ದಿನಕ್ಕೆ ಮರಕ್ಕೆ 20 ಲೀಟರ್ ಅಂತ ಭಾಗಿಸಿ, ಬಂದದ್ದಕ್ಕಿಂತ ಕಾಲು ಪಾಲು ಕಮ್ಮಿ ಮರ ಇಡಿ. ಬಾವಿಯಲ್ಲಿ ಎಪ್ರಿಲ್ ಕೊನೆಗೆ ದಿನಕ್ಕೆ 5,000 ಲೀಟರ್ ಅಂದ್ರೆ 250 ಮರ ಬರ್ತದೆ, ನೀವು 190 ಇಡಿ. ಉಳಿದ ಜಾಗಕ್ಕೆ ನೀರು ಕೇಳದ ಗೇರು ಇಡಿ, ರಬ್ಬರ್ ಬೇಕಾದ್ರೆ ಮಳೆಗಾಲದಲ್ಲಿ ಟ್ಯಾಪಿಂಗ್ ಮಾಡ್ಲಿಕ್ಕೆ ರೈನ್ ಗಾರ್ಡ್ ಕಟ್ಟುವ ಖರ್ಚನ್ನೂ ಸೇರಿಸಿ. ನೀರು ಇಂಗಿಸುವ ಗುಂಡಿ, ಮದಕದ (ಗುಡ್ಡೆ ಮೇಲಿನ ಕೆರೆ) ಹೂಳೆತ್ತುದು ಎಲ್ಲ ಮಾಡಿ, ಆದ್ರೆ ಅದ್ರ ಫಲ ನಿಮ್ಮ ಬಾವಿಗೇ ಬರ್ಬೇಕಂತ ಇಲ್ಲ, ಮುರಕಲ್ಲಿನೊಳಗೆ ಹೋದ ನೀರು ಕೆಳಗಿನ ಮನೆಯವ್ರ ಸುರಂಗದಲ್ಲಿ ಬಂದ್ರೂ ಬಂದೀತು. ಅವ್ರ ಜೊತೆ ಮೊದಲೇ ಚಂದ ಇಟ್ಕೊಳ್ಳಿ.

ತೋಡಿನ ಬದಿ ಜಾಗ ಇದ್ದವ್ರಿಗೆ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಹಾಕುದಕ್ಕಿಂತ ಒಳ್ಳೆ ದಾರಿ ಇಲ್ಲ. ಏತಡ್ಕದಲ್ಲಿ ತೋಡಿಗೆ ಸಾಲಾಗಿ ಕಟ್ಟ ಹಾಕ್ತಾರೆ, ಹೋಗಿ ನೋಡ್ಬಹುದು. ಕಲ್ಲು, ಮಣ್ಣು, ಅಡಿಕೆ ಸಲಾಕೆ, ಈಗೀಗ ನಡುವಲ್ಲಿ ಪ್ಲಾಸ್ಟಿಕ್ ಶೀಟ್. ಗೊತ್ತು ಮಾಡ್ಬೇಕಾದ್ದು ಒಂದೇ, ಯಾವಾಗ ಕಟ್ಟುದು. ಬೇಗ ಕಟ್ಟಿದ್ರೆ ತುಲಾ ತಿಂಗಳಿನ (ಅಕ್ಟೋಬರ್-ನವಂಬರ್) ಗುಡುಗು ಮಳೆ ಒಂದು ಸಂಜೆಯಲ್ಲಿ ಕೊಚ್ಚಿಕೊಂಡು ಹೋಗ್ತದೆ, ತಡ ಮಾಡಿದ್ರೆ ತೋಡಲ್ಲಿ ಹಿಡೀಲಿಕ್ಕೆ ನೀರೇ ಇಲ್ಲ. ನಮ್ಮಲ್ಲಿ ಸ್ವಾತಿ ಮಳೆ ಕಳೆದು, ಡಬ್ಬ ಎರಡು ವಾರ ಖಾಲಿ ಕೂತ ಮೇಲೆ ಕೈ ಹಾಕುದು, ಹೆಚ್ಚಾಗಿ ನವಂಬರ್ ಕೊನೆ ದಶಂಬರ ಮೊದಲಿಗೆ. ಮೇಲಿನ ಕಟ್ಟದವ್ರು ಮೊದಲು ಮುಚ್ಚಿದ್ರೆ ಕೆಳಗಿನವ್ರಿಗೆ ನೀರು ಬರುದಿಲ್ಲ, ಹಾಗಾಗಿ ಒಂದೇ ದಿನ ಎಲ್ಲರೂ ಸೇರಿ ಕಟ್ಟುದು ಒಳ್ಳೇದು, ಜಗಳಕ್ಕಿಂತ ಒಂದು ಹೊತ್ತಿನ ಗಂಜಿ ಊಟ ಚೀಪ್.

ಗಲ್ಫಿನವ್ರಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವ್ರು ಅಡಿಕೆ ಪ್ಲ್ಯಾನ್ ಬಿಡ್ಲಿಲ್ಲ, ಗುಂಡಿ ಒಟ್ಟು ಸಾವಿರದಿಂದ ಇನ್ನೂರಕ್ಕೆ ಇಳಿಸಿದ್ದಾರೆ, ಅದೂ ಬಾವಿ ಹತ್ರದ ತಗ್ಗಲ್ಲಿ ಮಾತ್ರ. ಮೇಲಿನ ಪಾರೆಗೆ ಗೇರಿನ ಕಸಿ ಸಸಿ. ಅಂಗಳದಲ್ಲಿ ಇಡ್ಲಿಕ್ಕೆ ಡಬ್ಬ ನಾನೇ ಕೊಟ್ಟು ಬಂದೆ, ಬಿಸ್ಕಿಟಿನದ್ದು.